ಜಾರಿದ ಗುಂಡೂ ಗುಂಡೇ

ಮಾರ್ಚ್ 3, ಸೋಮವಾರ

ಕ್ಲಬ್ಬಿನಲ್ಲಿ ಅಂಕ ಬರೆಯುವ ಹಳೆಯ ಪುಸ್ತಕವೊಂದು ಅರ್ಧ ಖಾಲಿ ಉಳಿದಿತ್ತು. ರದ್ದಿಗೆ ಹಾಕು ಅಂದರು. ಗೆರೆ ಎಳೆದ ಒಳ್ಳೆಯ ಕಾಗದ, ಮನಸ್ಸು ಬರಲಿಲ್ಲ, ಮನೆಗೆ ತಂದೆ. ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಬರೀ ಅಂಕಿ. ಈಗ ಐವತ್ತಕ್ಕೆ ಅಕ್ಷರ ಬರೆಯಲು ಕೂತಿದ್ದೇನೆ. ದೇವರಿಗೆ ಹೇಳಿದ್ದಾಗಿದೆ, ಆದರೂ ಹೊಟ್ಟೆಯಲ್ಲಿ ಹೇಳಬೇಕಾದದ್ದು ಇನ್ನೂ ಮಿಕ್ಕಿದೆ.

ನನ್ನ ಕೆಲಸ ದೊಡ್ಡದೇನಲ್ಲ. ರೈಫಲ್ ಕ್ಲಬ್ಬಿನ ಮೈದಾನದಲ್ಲಿ, ಹೊಡೆಯುವವರಿಂದ ಆರುನೂರು ಮೀಟರ್ ಆಚೆ, ಮಣ್ಣಿನ ದಿಬ್ಬದ ಹಿಂದೆ ಆಳೆತ್ತರದ ಕಂದಕವಿದೆ. ಅದರಲ್ಲಿ ಕೂತಿರುವುದು. ಗುರಿಹಾಳೆ ಕಟ್ಟಿದ ಚೌಕಟ್ಟನ್ನು ಹಗ್ಗ ಎಳೆದು ದಿಬ್ಬದ ಮೇಲಕ್ಕೆ ಎತ್ತುತ್ತೇವೆ. ಅವರು ಹೊಡೆಯುತ್ತಾರೆ. ಇಳಿಸಿ, ತೂತು ನೋಡಿ, ಅಳೆದು, ಬರೆದು, ತೂತಿಗೆ ಕಾಗದದ ತೇಪೆ ಅಂಟಿಸಿ ಮತ್ತೆ ಎತ್ತುತ್ತೇವೆ. ಹನ್ನೊಂದು ವರ್ಷ ಇದನ್ನೇ ಮಾಡಿ ನನ್ನ ಹೆಸರು ತೇಪೆ ಅಕ್ಕ ಅಂತ ಆಗಿದೆ. ಜೊತೆಗೆ ಹಗ್ಗ ಎಳೆಯುವ ಮುದುಕರು ಹಗ್ಗದ ಮಾವ. ಗುಂಡು ನಮ್ಮ ತಲೆಯ ಮೇಲೆ ಚಟ್ ಎಂದು ಹಾಯ್ದು ಹೋದ ಮೇಲೆ, ದೂರದಲ್ಲಿ ಧಬ್ ಎಂದು ಬಂದೂಕಿನ ಸದ್ದು ಬರುತ್ತದೆ. ಆ ಎರಡರ ನಡುವೆ ನಾನು ಒಂದು ಸಲ ದೇವರ ಹೆಸರು ಹೇಳಿಕೊಳ್ಳುತ್ತೇನೆ.

ಕ್ಲಬ್ಬಿಗೆ ಹನ್ನೆರಡು ಹೊಸ ರೈಫಲ್ ಬೇಕಾಗಿದೆ. ಇಷ್ಟು ವರ್ಷ ರೈಫಲ್ ಕಟ್ಟಿದ್ದು ನಮ್ಮಣ್ಣ. ಮೈದಾನದ ಮೂಲೆಯ ಕಾರ್ಖಾನೆ ಕೊಠಡಿಯಲ್ಲಿ ಅವನಿಗೆ ಮೂವತ್ತು ವರ್ಷ ಕಳೆದಿದೆ. ಹೋದ ವರ್ಷ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಅಂದಿನಿಂದ, ಅವನ ಕೈ ಹೋಯಿತು ಅಂತ ಗುಸುಗುಸು. ಇವತ್ತು ಕಾರ್ಯದರ್ಶಿ ಮೇಡಂ ಎಲ್ಲರನ್ನೂ ಕರೆದು ಹೇಳಿದರು: ಅಣ್ಣ ಕಟ್ಟಿದ ರೈಫಲ್ ಒಂದು, ಕಂಪನಿಯ ರೈಫಲ್ ಒಂದು, ಈ ತಿಂಗಳು ಎರಡಕ್ಕೂ ಪರೀಕ್ಷೆ. ಎರಡನ್ನೂ ಹೊಡೆಯುವವರು ಕೋಚ್. ಒಂದು ಹಾಳೆಗೆ ಮೂರು ಗುಂಡು. ಮೂರರಲ್ಲಿ ಅತಿ ದೂರ ಬಿದ್ದ ಎರಡು ತೂತುಗಳ ನಡುವೆ ಎಷ್ಟು ಸೆಂಟಿಮೀಟರ್, ಅದೇ ಲೆಕ್ಕ. ಚಿಕ್ಕದು ಗೆದ್ದಂತೆ. ಕಂಪನಿ ಗೆದ್ದರೆ ಅಣ್ಣನ ಕೊಠಡಿಯಲ್ಲಿ ಕುರ್ಚಿ ಪೇರಿಸುತ್ತಾರೆ.

ಅಳೆಯಬೇಕಾದವಳು ನಾನು. ಅಣ್ಣ ಹೇಳಿದ, ನಿನಗೇನು ಗೊತ್ತಾಗುತ್ತೆ, ಕಂಡದ್ದು ಬರಿ, ಮಿಕ್ಕಿದ್ದು ನನಗೆ ಬಿಡು ಅಂತ. ಸರಿಯೇ. ದೊಡ್ಡವರ ವಿಷಯ, ದೊಡ್ಡವರಿಗೆ ಗೊತ್ತು.

ಮಾರ್ಚ್ 5, ಬುಧವಾರ

ಮೊದಲ ದಿನದ ಪರೀಕ್ಷೆ. ಕಂಪನಿಯ ಏಜೆಂಟ್ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಮೋಡ ಮುಚ್ಚಿದ್ದರೂ ತೆಗೆಯಲಿಲ್ಲ. ಹಗ್ಗದ ಮಾವ ಕೇಳಿದರು, "ಇವನಿಗೂ ಕಣ್ಣಿನ ಆಪರೇಷನ್ ಆಗಿದ್ಯಾ?"

ಕಂಪನಿಯ ರೈಫಲ್ ಮೊದಲನೆಯ ಹಾಳೆಯಲ್ಲೇ ಒಂಬತ್ತು ಸೆಂಟಿಮೀಟರ್. ಮೂರು ತೂತುಗಳ ಮೇಲೆ ನನ್ನ ಅಂಗೈ ಇಟ್ಟರೆ ಮುಚ್ಚಿಹೋಯಿತು. ಏಜೆಂಟ್ ಆ ಹಾಳೆಯನ್ನು ತರಿಸಿ ಕ್ಲಬ್ಬಿನ ಸೂಚನಾ ಫಲಕಕ್ಕೆ ಮದುವೆ ಫೋಟೋ ಥರ ಚುಚ್ಚಿಟ್ಟ. ಅಣ್ಣನ ರೈಫಲ್ ಹದಿನಾಲ್ಕು, ಹನ್ನೆರಡು, ಹದಿಮೂರು. ಅದಕ್ಕೂ ಮುಂಚೆ, ದಿನದ ಮೊದಲನೆಯ ಹಾಳೆ, ಇಪ್ಪತ್ತು. ತಣ್ಣಗಿನ ನಳಿಗೆಯಿಂದ ಹೊರಟ ಮೊದಲ ಗುಂಡು ಸ್ವಲ್ಪ ಎಡಕ್ಕೆ ಹೋಗುತ್ತದೆ. ಉಳಿದವು ಹೋಗುವುದಿಲ್ಲ.

ಕ್ಲಬ್ಬಿನಲ್ಲಿ ಒಂದು ರೂಢಿ ಇದೆ. ಗುಂಡು ಉಳಿದ ತೂತುಗಳ ಗುಂಪಿನ ಆಚೆ ಬಿದ್ದರೆ ಹೊಡೆದವರು ಕೈ ಎತ್ತಿ, ಅದು ಜಾರಿದ್ದು, ಬಿಡಿ ಅನ್ನುತ್ತಾರೆ. ನಾವೂ ಬಿಡುತ್ತೇವೆ. ಹನ್ನೊಂದು ವರ್ಷದಲ್ಲಿ ಚೆನ್ನಾಗಿ ಬಿದ್ದ ಗುಂಡನ್ನು ಯಾರೂ ಜಾರಿದ್ದು ಅಂದಿಲ್ಲ. ಈ ಪರೀಕ್ಷೆಯಲ್ಲಿ ಮಾತ್ರ ಮೇಡಂ ಕಟ್ಟುನಿಟ್ಟು: ಬಿದ್ದದ್ದೆಲ್ಲ ಲೆಕ್ಕಕ್ಕೆ.

ಮಾರ್ಚ್ 7, ಶುಕ್ರವಾರ

ಸಂಜೆ ಅಣ್ಣ ಅತ್ತಿಗೆ ಮನೆಗೆ ಬಂದಿದ್ದರು. ಅತ್ತಿಗೆ ಅಡುಗೆಮನೆಗೆ ಬಂದವಳೇ ನನ್ನ ಡಬ್ಬಿಗಳನ್ನೆಲ್ಲ ಸರಿಮಾಡತೊಡಗಿದಳು. ಅವಳು ಚಿಂತೆಯಲ್ಲಿದ್ದರೆ ಹಾಗೇ, ಕಂಡವರ ಮನೆ ಜೋಡಿಸುತ್ತಾಳೆ.

"ರಾತ್ರಿಯೆಲ್ಲ ನಳಿಗೆ ನಳಿಗೆ ಅಂತಾರೆ. ನಾನೂ ಒಂದು ಕಬ್ಬಿಣದ ಕೊಳವೆಯಾಗಿ ಹುಟ್ಟಿದ್ರೆ ಸ್ವಲ್ಪ ಮರ್ಯಾದೆ ಸಿಗ್ತಿತ್ತು" ಅಂದಳು.

ಹೊರಡುವಾಗ ಅಣ್ಣ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿಕೊಂಡ. ಚಪ್ಪಲಿ ನೋಡುತ್ತಾ ಮಾತಾಡಿದ.

"ಮೊದಲ ಗುಂಡು ರೈಫಲ್ಲಿನ ತಪ್ಪಲ್ಲ, ಚಳಿ ತಪ್ಪು. ನಾಳೆ ಅದರ ತೂತಿಗೆ ತೇಪೆ ಹಚ್ಚಿ ಆಮೇಲೆ ಅಳಿ. ಒಂದು ತೇಪೆ, ಅಷ್ಟೇ."

"ಮೇಡಂ ಎಲ್ಲ ಲೆಕ್ಕಕ್ಕೆ ಅಂದಿದ್ದಾರಲ್ಲ."

"ಮೇಡಂ ಆ ಕಂದಕಕ್ಕೆ ಇಳಿದು ನೋಡ್ತಾರಾ? ನಿನ್ನನ್ನ ಕೆಲಸಕ್ಕೆ ಸೇರಿಸಿದ್ದು ಯಾರು, ಮೇಡಮ್ಮಾ?"

ಸೇರಿಸಿದ್ದು ಅಣ್ಣನೇ. ಅಪ್ಪ ಹೋದ ಮೇಲೆ ನನ್ನ ಮದುವೆ ಮಾಡಿದ್ದೂ ಅವನೇ. ಆಗಲಿ ಅಂದೆ.

ಮಾರ್ಚ್ 8, ಶನಿವಾರ

ತೇಪೆ ಹಚ್ಚಿದೆ. ಇಪ್ಪತ್ತೊಂದು ಇದ್ದದ್ದು ಹನ್ನೆರಡಾಯಿತು. ಹನ್ನೆರಡು ಅಂತ ಹೊಡೆಯುವ ಕಡೆಯವರಿಗೆ ಫೋನಿನಲ್ಲಿ ಹೇಳಿದೆ, ಹನ್ನೆರಡು ಅಂತ ಬರೆದೆ.

ಹಗ್ಗದ ಮಾವ ಹಾಳೆ ನೋಡಿದರು. "ಇನ್ನೊಂದು ಎಲ್ಲಿ ಹೋಯ್ತು?" ಅಂದರು. ನಾನು ಅಂಟಿನ ಡಬ್ಬಿಯ ಮುಚ್ಚಳ ಹಾಕಿದೆ. ಅವರು ಆಕಾಶ ನೋಡಿ ಹಗ್ಗ ಎಳೆದರು.

ಮಾರ್ಚ್ 9, ಭಾನುವಾರ

ಬೆಳಗ್ಗೆ ದೇವರ ಮುಂದೆ ಕೂತೆ. ಬಾಯಿಪಾಠ ಬರುವ ಪ್ರಾರ್ಥನೆ ಎರಡನೇ ಸಾಲಿಗೇ ನಿಂತುಹೋಯಿತು. ನಾಲ್ಕು ಸಲ ಮೊದಲಿನಿಂದ ಶುರುಮಾಡಿದೆ. ನಮ್ಮ ಮನೆಯವರು ಶಾಲೆಯ ವ್ಯಾನ್ ಓಡಿಸುತ್ತಾರೆ. ಪಕ್ಕದ ಕೋಣೆಯಿಂದ, "ಏನು, ಗಾಡಿ ಸ್ಟಾರ್ಟ್ ಆಗ್ತಿಲ್ವಾ?" ಅಂದರು.

ನಗು ಬರಬೇಕಿತ್ತು, ಅಳು ಬಂತು. ಎಲ್ಲ ಹೇಳಿದೆ. ಅವರು ಟವಲ್ ಮಡಚುತ್ತಾ ಕೇಳಿದರು. ಕೊನೆಗೆ, "ಕೆಲಸ ಹೋದ್ರೆ ಹೋಗ್ಲಿ. ನಮ್ಮ ವ್ಯಾನಿನಲ್ಲಿ ಮಕ್ಕಳನ್ನ ಎಣಿಸೋಕೆ ಒಬ್ರು ಬೇಕು. ಅಲ್ಲಿ ಮಾತ್ರ ಯಾರಿಗೂ ತೇಪೆ ಹಚ್ಚಬೇಡ" ಅಂದರು.

ಮಾರ್ಚ್ 10, ಸೋಮವಾರ

ಕಾರ್ಯದರ್ಶಿ ಮೇಡಂ ಕೋಣೆಗೆ ಹೋಗಲು ಮೂರು ಮೆಟ್ಟಿಲು. ಇವತ್ತು ಮೂವತ್ತರಂತೆ ಅನಿಸಿತು. ಕೂತ್ಕೊಳ್ಳಿ ಅಂದರು. ನಿಂತೇ ಹೇಳಿದೆ.

"ಶನಿವಾರದ ಹನ್ನೆರಡು ಸುಳ್ಳು, ಮೇಡಂ. ಇಪ್ಪತ್ತೊಂದು."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಯಾರು ಹೇಳಿ ಮಾಡಿಸಿದ್ದು?"

"ಕೈ ನನ್ನದು."

"ಕೈ ಯಾರದು ಅಂತ ನಾನು ಕೇಳಲಿಲ್ಲ."

"ನನ್ನ ಹತ್ರ ಇರೋ ಉತ್ತರ ಅಷ್ಟೇ, ಮೇಡಂ."

ಕೆಲಸದಿಂದ ತೆಗೆಯುತ್ತೀರಾ ಅಂತ ನಾನೇ ಕೇಳಿದೆ. "ತೆಗೆದ್ರೆ ನಾಳೆ ಆ ಕಂದಕಕ್ಕೆ ಇಳಿಯೋರು ಯಾರು, ಆ ಕಪ್ಪು ಕನ್ನಡಕದವರಾ?" ಅಂದರು. ನಗಲಿಲ್ಲ. ಶನಿವಾರದ ಹಾಳೆಗಳೆಲ್ಲ ಎರಡು ಕಡೆಯೂ ರದ್ದು, ಇನ್ನು ಮುಂದೆ ನನ್ನ ಅಳತೆಯನ್ನು ಕೋಚ್ ಇನ್ನೊಮ್ಮೆ ನೋಡುತ್ತಾರೆ, ಯಾಕೆ ಅಂತ ಫಲಕದ ಮೇಲೆ ಬರೆಯುತ್ತೇನೆ ಅಂದರು. ಬರೆದರು ಕೂಡ. ಒಂಬತ್ತು ಸೆಂಟಿಮೀಟರಿನ ಹಾಳೆಯ ಪಕ್ಕದಲ್ಲೇ ನನ್ನ ತಪ್ಪು ತೂಗುತ್ತಿದೆ. ಹೋಗುವವರು ಬರುವವರು ಓದುತ್ತಾರೆ.

ಮಧ್ಯಾಹ್ನ ಅಣ್ಣ ಕೊಠಡಿಯ ಬಾಗಿಲಲ್ಲಿ ನಿಂತು, "ನೀನು ನನ್ನ ತಂಗಿಯಾ, ಕಂಪನಿ ತಂಗಿಯಾ?" ಅಂತ ಕೇಳಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬುತ್ತಿ ಬಿಚ್ಚಿದಾಗ ಮಾತ್ರ ಹಸಿವು ಜೋರಾಗಿತ್ತು. ಹಗ್ಗದ ಮಾವನ ಡಬ್ಬಿಯಿಂದಲೂ ಸ್ವಲ್ಪ ತಿಂದೆ. ಪ್ರಾರ್ಥನೆ ಸಂಜೆ ಸಲೀಸಾಗಿ ಕೊನೆಯವರೆಗೂ ಹೋಯಿತು.

ಮಾರ್ಚ್ 12, ಬುಧವಾರ

ಅಣ್ಣ ಮಾತು ಬಿಟ್ಟಿದ್ದಾನೆ. ಅತ್ತಿಗೆ ಸಂತೆಯಲ್ಲಿ ಸಿಕ್ಕಳು. "ಬೇಜಾರು ಮಾಡ್ಕೋಬೇಡ. ನನ್ನ ಹತ್ರ ಮದುವೆಯಾದ ವಾರದಿಂದಲೇ ಮಾತು ಬಿಟ್ಟಿದ್ದಾರೆ. ನಾನು ಚೆನ್ನಾಗೇ ಇದ್ದೀನಲ್ಲ?" ಅಂದಳು. ಆದರೆ ನನ್ನ ಮುಂಗೈ ಹಿಡಿದವಳು ಬೇಗ ಬಿಡಲಿಲ್ಲ.

ಕಂಪನಿ ಇವತ್ತು ಎಂಟು, ಒಂಬತ್ತು, ಒಂಬತ್ತು. ಅಣ್ಣನದು ಹತ್ತೊಂಬತ್ತು, ಹದಿಮೂರು, ಹದಿನಾಲ್ಕು. ಹೀಗೇ ಹೋದರೆ ಕುರ್ಚಿಗಳು ಬರುವುದು ಖಂಡಿತ.

ಮಾರ್ಚ್ 13, ಗುರುವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆಯಬೇಕು, ಮರೆಯಬಾರದು.

ಪ್ರತಿ ಗುರಿಹಾಳೆಯ ಹಿಂದೆ ಒಂದು ದಪ್ಪ ರಟ್ಟಿನ ಹಲಗೆ ಇರುತ್ತದೆ. ಹಾಳೆ ಬದಲಾಗುತ್ತದೆ, ಹಲಗೆ ಬದಲಾಗುವುದಿಲ್ಲ, ಚಿಂದಿಯಾಗುವವರೆಗೂ ಅದೇ. ಒಂದನೇ ಚೌಕಟ್ಟು ಅಣ್ಣನ ರೈಫಲ್ಲಿಗೆ, ಎರಡನೆಯದು ಕಂಪನಿಗೆ. ಇವತ್ತು ಹೊಡೆಯುವುದು ಇರಲಿಲ್ಲ. ಹಲಗೆ ಬದಲಿಸೋಣ ಅಂತ ಮಾವ ಎರಡನ್ನೂ ಬಿಚ್ಚಿ ಗೋಡೆಗೆ ಒರಗಿಸಿದರು.

ನಾನು ಅಂಟಿನ ಡಬ್ಬಿ ತೊಳೆಯುತ್ತಿದ್ದವಳು ತಲೆ ಎತ್ತಿದೆ. ಒಂದನೇ ಹಲಗೆಯ ನಡುವೆ ತಟ್ಟೆಯಷ್ಟು ದೊಡ್ಡ ಒಂದೇ ಗಾಯ. ಎಡಕ್ಕೆ ಮೂರು ನಾಲ್ಕು ಚುಕ್ಕಿ, ಅವು ಬೆಳಗಿನ ಮೊದಲ ಗುಂಡುಗಳು. ಎರಡನೆಯದರ ತುಂಬ ಸಣ್ಣ ಸಣ್ಣ ಗುಂಪುಗಳು: ಒಂದು ಮೇಲೆ ಬಲಕ್ಕೆ, ಒಂದು ಕೆಳಗೆ, ಒಂದು ಎಡಕ್ಕೆ. ಪುಟಾಣಿ ಹೂಗಳ ಸೀರೆಯ ಹಾಗೆ.

ನನ್ನ ಕೈಗೆ ಇದು ಮೊದಲೇ ಗೊತ್ತಿತ್ತು. ಅಣ್ಣನ ಹಾಳೆ ಇಳಿದರೆ ನೋಡದೆಯೇ ಕೈ ನಡುವಿಗೆ ಹೋಗುತ್ತಿತ್ತು. ಕಂಪನಿಯ ಹಾಳೆಯಲ್ಲಿ ಈ ಸಲ ಎಲ್ಲಿ ಅಂತ ಹುಡುಕಬೇಕಿತ್ತು. ಹುಡುಕಿದ ಮೇಲೆ ಒಂಬತ್ತು ಸೆಂಟಿಮೀಟರ್ ಅಂತ ಬರೆದು ಹಾಳೆ ತೆಗೆದುಬಿಡುತ್ತಿದ್ದೆ. ಎಷ್ಟು ದೊಡ್ಡ ಗುಂಪು ಅಂತ ಬರೆದೆವು, ಎಲ್ಲಿ ಅಂತ ಯಾರೂ ಬರೆಯಲಿಲ್ಲ. ಆ ರೈಫಲ್ ಮೂರು ಗುಂಡುಗಳನ್ನು ಒಟ್ಟಿಗೆ ಕಳಿಸುತ್ತದೆ, ಆದರೆ ಮುಂದಿನ ಮೂರನ್ನು ಬೇರೆ ಮನೆಗೆ.

"ಮಾವ, ಹಲಗೆ ಬಿಸಾಡಬೇಡಿ" ಅಂದೆ.

"ಒಲೆಗೆ ಹಾಕೋಣ ಅಂತಿದ್ದೆ."

"ಒಲೆಗೆ ನಿಮ್ಮ ಟೋಪಿ ಹಾಕಿ. ಹಲಗೆ ಮುಟ್ಟಬೇಡಿ."

ಅವರು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದೂರ ಹೋಗಿ ಕೂತರು. ಇಡೀ ಮಧ್ಯಾಹ್ನ ಹಲಗೆಗಳ ಮುಂದೆ ನಿಂತಿದ್ದೆ. ಬಿಸಿಲು ಆ ತೂತುಗಳಿಂದ ಹಾಯ್ದು ಹಿಂದಿನ ಗೋಡೆಯ ಮೇಲೆ ಬಿದ್ದಿತ್ತು. ಒಂದು ಕಡೆ ಒಂದು ದೊಡ್ಡ ಬೆಳಕು, ಇನ್ನೊಂದು ಕಡೆ ಚೆಲ್ಲಿದ ಕಾಳು. ಎಷ್ಟು ಚೆನ್ನಾಗಿತ್ತೆಂದರೆ, ದೇವರೇ, ನೀನು ಇಷ್ಟು ಸುಲಭವಾಗಿ ಹೇಳುವವನು ಇಷ್ಟು ದಿನ ಯಾಕೆ ಕಾದೆ ಅಂತ ಕೇಳಿದೆ.

ಮಾರ್ಚ್ 15, ಶನಿವಾರ

ಆಳೆತ್ತರದ ಎರಡು ಹಲಗೆಗಳನ್ನು ತಳ್ಳುಗಾಡಿಯ ಮೇಲೆ ನಿಲ್ಲಿಸಿಕೊಂಡು ಆರುನೂರು ಮೀಟರ್ ನಡೆದೆವು. ಮಾವ ಎಳೆದರು, ನಾನು ಹಿಡಿದೆ. ಗಾಳಿ ಬಂದಾಗಲೆಲ್ಲ ಹಲಗೆ ಹಾಯಿಯ ಹಾಗೆ ನಮ್ಮನ್ನೇ ಎಳೆದುಕೊಂಡು ಹೋಯಿತು. ಬೆಳಗಿನ ಅಭ್ಯಾಸಕ್ಕೆ ಬಂದವರು ರೈಫಲ್ ಕೆಳಗಿಟ್ಟು ನೋಡುತ್ತಿದ್ದರು. "ತೇಪೆ ಅಕ್ಕ ಮನೆ ಖಾಲಿ ಮಾಡ್ತಿದ್ದಾರಾ?" ಅಂತ ಯಾರೋ ಕೂಗಿದರು. "ಹೌದು, ನಿಮ್ಮ ಮನೆಗೇ ಬರ್ತಿದ್ದೀವಿ, ಅಡುಗೆ ಮಾಡಿಡಿ" ಅಂದೆ.

ಮೇಡಂ, ಕೋಚ್, ಏಜೆಂಟ್ ಮೂವರ ಮುಂದೆ ಹಲಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಮೇಡಂ ಎದ್ದು ಬಂದು ತೂತುಗಳ ಮೇಲೆ ಬೆರಳಾಡಿಸಿದರು. ಏಜೆಂಟ್ ಕನ್ನಡಕ ಮೇಲೆತ್ತಿದ. ಅವನಿಗೆ ಕಣ್ಣುಗಳಿವೆ, ಚಿಕ್ಕವು, ಪಾಪದವು.

"ಇದು ನಮ್ಮ ಪರೀಕ್ಷೆಯ ಕ್ರಮದಲ್ಲಿಲ್ಲ" ಅಂದ.

"ಗುಂಡಿಗೆ ಕ್ರಮ ಗೊತ್ತಿಲ್ಲ ಸರ್. ಅದು ಬೀಳೋ ಕಡೆ ಬೀಳುತ್ತೆ."

"ಕಾರಣ ಹೇಳಿ ನೋಡೋಣ. ಯಾಕೆ ಹೀಗಾಗುತ್ತೆ?"

"ಯಾಕೆ ಅನ್ನೋದು ರಿಪೇರಿಯವರಿಗೆ ಗೊತ್ತು. ಎಲ್ಲಿ ಅನ್ನೋದು ನನಗೆ ಗೊತ್ತು."

ಆಗ ಅವನು ಫಲಕದ ಕಡೆ ಕೈ ತೋರಿಸಿದ. "ಅಣ್ಣನಿಗೋಸ್ಕರ ತೇಪೆ ಹಚ್ಚಿದ್ದು ಇವರೇ ತಾನೇ, ಮೇಡಂ?"

"ನಾನೇ. ಅದಕ್ಕೇ ನನ್ನನ್ನ ನಂಬಬೇಡಿ ಅಂತಿದ್ದೀನಿ" ಅಂದೆ. "ಒಂದೊಂದು ರೈಫಲ್ಲಿಗೆ ಒಂದೇ ಹಾಳೆ ಕೊಡಿ, ಇಪ್ಪತ್ತು ಗುಂಡು. ನಡುವೆ ಇಳಿಸೋದು ಬೇಡ, ಅಂಟಿಸೋದು ಬೇಡ, ಜಾರಿದ್ದು ಅನ್ನೋ ಮಾತು ಬೇಡ. ಆಮೇಲೆ ನೀವೇ ಕೆಳಗೆ ಬಂದು ಅಳೀರಿ."

ಎಲ್ಲರೂ ಕೋಚ್ ಕಡೆ ನೋಡಿದರು. ಅವರು ಮಾತಾಡಿದ್ದನ್ನು ಹೋದ ವರ್ಷ ಯಾರೋ ಕೇಳಿದ್ದರಂತೆ. "ಸರಿ" ಅಂದರು.

ಪರೀಕ್ಷೆ ಮುಂದಿನ ಶನಿವಾರ.

ಮಾರ್ಚ್ 17, ಸೋಮವಾರ

ಅಣ್ಣನ ಕೊಠಡಿಗೆ ಹೋದೆ. ಬಾಗಿಲು ಹಾಕಿತ್ತು, ತಟ್ಟದೆ ತಳ್ಳಿದೆ. ದೀಪದ ಕೆಳಗೆ ನಳಿಗೆಯೊಳಗೆ ಕಣ್ಣಿಟ್ಟು ಕೂತಿದ್ದ. ಎಣ್ಣೆಯ ವಾಸನೆ, ಮರದ ಪುಡಿ, ಗೋಡೆಯಲ್ಲಿ ಅರಗಳ ಸಾಲು ದೊಡ್ಡದರಿಂದ ಚಿಕ್ಕದಕ್ಕೆ. ಇಲ್ಲಿ ಕುರ್ಚಿ ಪೇರಿಸುತ್ತಾರೆ ಅಂತ ನೆನೆಸಿದರೇ ಮೈ ಉರಿಯುತ್ತದೆ.

ತಲೆ ಎತ್ತದೆ ಕೇಳಿದ, "ಇಪ್ಪತ್ತೂ ಲೆಕ್ಕಕ್ಕಾ?"

"ಇಪ್ಪತ್ತೂ."

"ಮೊದಲನೆಯದೂ?"

"ಮೊದಲನೆಯದೂ."

"ಒಂದು ಗುಂಡು ಆಚೆ ಬಿದ್ರೆ ನನ್ನ ಮೂವತ್ತು ವರ್ಷ ಹೋಗುತ್ತೆ, ಗೊತ್ತಾ ನಿನಗೆ?"

"ಒಂದು ಬಿದ್ರೆ ಹೋಗಲ್ಲ. ಇಪ್ಪತ್ತು ಬಿದ್ರೆ ಹೋಗುತ್ತೆ. ಅಷ್ಟು ಹೆದರಿಕೆಯಾದ್ರೆ ಇನ್ನೂ ಐದು ದಿನ ಇದೆ, ನಳಿಗೆ ನೋಡು. ನನ್ನ ಮುಖ ನೋಡಬೇಡ."

ಅವನು ನಳಿಗೆ ಕೆಳಗಿಟ್ಟ. ಸ್ಟೂಲ್ ಮೇಲಿದ್ದ ಬಟ್ಟೆ ತೆಗೆದು ಪಕ್ಕಕ್ಕಿಟ್ಟ. ಕೂರಲಿಲ್ಲ, ಕೆಲಸವಿತ್ತು, ಬಂದೆ.

ಮಾರ್ಚ್ 20, ಗುರುವಾರ

ಗಾಳಿ. ಕೆಮ್ಮು. ಏನೂ ಇಲ್ಲ.

ಮಾರ್ಚ್ 22, ಶನಿವಾರ

ಬೆಳಗ್ಗೆ ಏಳಕ್ಕೇ ಜನ. ಗಾಳಿ ಕೂಡ ನೋಡಲು ಬಂದವರ ಹಾಗೆ ಸುಮ್ಮನೆ ನಿಂತಿತ್ತು. ಮೇಡಂ ಮತ್ತು ಏಜೆಂಟ್ ಇಬ್ಬರೂ ಕಂದಕಕ್ಕೆ ಇಳಿದರು. ಇಬ್ಬರಿಗೂ ಇದೇ ಮೊದಲು. ಏಜೆಂಟನನ್ನು ಮೂಲೆಯ ಬೆಂಚಿನಲ್ಲಿ ಕೂರಿಸಿ, ಎದ್ದು ನಿಲ್ಲಬೇಡಿ ಸರ್, ಗೋಡೆಗೆ ಒರಗಿ ಅಂದೆ. ಮೊದಲ ಗುಂಡು ತಲೆಯ ಮೇಲೆ ಚಟ್ ಎಂದಾಗ ಅವನು ಮೇಡಂ ಕೈ ಹಿಡಿದುಕೊಂಡ. ಮೇಡಂ ಬಿಡಿಸಿಕೊಳ್ಳದೆ, "ಪರವಾಗಿಲ್ಲ, ಇನ್ನು ಮೂವತ್ತೊಂಬತ್ತೇ" ಅಂದರು.

ಚೀಟಿ ಎತ್ತಿದ್ದರಲ್ಲಿ ಕಂಪನಿಯದು ಮೊದಲು ಬಂದಿತ್ತು. ಇಪ್ಪತ್ತು ಗುಂಡು, ಇಪ್ಪತ್ತು ಸಲ ದೇವರ ಹೆಸರು. ಆಮೇಲೆ ಅಣ್ಣನದು. ನನ್ನ ಪ್ರಾರ್ಥನೆ ಎರಡಕ್ಕೂ ಒಂದೇ ಇತ್ತು: ಬಿದ್ದದ್ದು ಬಿದ್ದ ಹಾಗೇ ಕಾಣಲಿ. ಅಣ್ಣನ ಹದಿನಾರನೆಯ ಗುಂಡಿಗೆ ಬರುವ ಹೊತ್ತಿಗೆ ಸ್ವಲ್ಪ ಮೋಸ ಮಾಡಿದೆ. ನಡುವೆಯೇ ಬೀಳಲಿ ಅಂದುಬಿಟ್ಟೆ. ದೇವರು ಅದನ್ನೂ ಲೆಕ್ಕಕ್ಕೆ ಹಿಡಿದಿರಬೇಕು.

ಇಳಿಸಿದೆವು. ಮೊದಲು ಏಜೆಂಟ್ ಅಳೆದ, ಆಮೇಲೆ ಮೇಡಂ, ಆಮೇಲೆ ನಾನು. ಕಂಪನಿಯದು ಮೂವತ್ತನಾಲ್ಕು. ನಳಿಗೆ ಬಿಸಿಯಾದ ಹಾಗೆ ತೂತುಗಳು ಇರುವೆ ಸಾಲಿನಂತೆ ಮೇಲಕ್ಕೆ ಬಲಕ್ಕೆ ಹತ್ತಿಕೊಂಡು ಹೋಗಿದ್ದವು. ಅಣ್ಣನದು ಇಪ್ಪತ್ತಮೂರು. ಎಡಕ್ಕೆ ಬಿದ್ದ ಮೊದಲ ಗುಂಡು ಸೇರಿ ಇಪ್ಪತ್ತಮೂರು. ಏಜೆಂಟ್ ಟೇಪನ್ನು ಇನ್ನೊಂದು ಸಲ ಹಿಡಿದ. ಇಪ್ಪತ್ತಮೂರೇ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಅಳತೆ ಸರಿಯಾಗಿದೆ" ಅಂತ ತಾನೇ ಮೊದಲು ಸಹಿ ಹಾಕಿದ. ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಆಮೇಲೆ ಮೇಡಂ ನನ್ನ ಕಡೆ ಪೆನ್ನು ಚಾಚಿದರು. ಪುಸ್ತಕದಲ್ಲಿ ಇಷ್ಟು ವರ್ಷ ಅಂಕಿ ನನ್ನದು, ಸಹಿ ಬೇರೆಯವರದು ಇರುತ್ತಿತ್ತು. ಪೂರ್ತಿ ಹೆಸರು ಬರೆದೆ, ತಂದೆಯ ಹೆಸರೂ ಸೇರಿಸಿ. ಅಂಚಿನಲ್ಲಿ ಜಾಗ ಸಾಲದೆ ಕೊನೆಯ ಅಕ್ಷರ ಕೆಳಗೆ ಇಳಿಯಿತು.

ಮೇಲೆ ಬಂದಾಗ ಅತ್ತಿಗೆ ನನ್ನನ್ನು ಅಪ್ಪಿಕೊಂಡು ನೆಲದಿಂದ ಮೇಲೆತ್ತಿದಳು. ಅಷ್ಟು ಬಲ ಅವಳಲ್ಲಿದೆ ಅಂತ ಗೊತ್ತಿರಲಿಲ್ಲ. ನಮ್ಮ ಮನೆಯವರು ವ್ಯಾನಿನ ಹಾರನ್ ಬಿಡದೆ ಒತ್ತಿದರು. ಅಣ್ಣ ಮಾತ್ರ ಹಾಳೆ ಹಿಡಿದು ನಿಂತಿದ್ದ.

"ಇಪ್ಪತ್ತಮೂರಾ?" ಅಂದ. ಸೋತವನ ಧ್ವನಿ. "ಹದಿಮೂರು ಅಂತಲೇ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೀನಿ."

"ಅದು ಮೂರು ಗುಂಡಿನ ಹದಿಮೂರು ಅಣ್ಣ. ಇದು ಇಪ್ಪತ್ತರದ್ದು. ಇದೇ ನಿನ್ನ ರೈಫಲ್ಲು."

ಅವನು ಹಾಳೆ ಸುತ್ತಿಕೊಂಡು ಕೊಠಡಿಗೆ ಹೋದ.

ಮಾರ್ಚ್ 25, ಮಂಗಳವಾರ

ಹನ್ನೆರಡೂ ರೈಫಲ್ ಅಣ್ಣನೇ ಕಟ್ಟಬೇಕು ಅಂತ ತೀರ್ಮಾನವಾಯಿತು. ಮೇಡಂ ಒಂದು ಷರತ್ತು ಹಾಕಿದ್ದಾರೆ. ಪ್ರತಿ ರೈಫಲ್ಲಿನ ಜೊತೆ ಅದರ ಇಪ್ಪತ್ತು ಗುಂಡಿನ ಅಳತೆಯ ಚೀಟಿ ಇರಬೇಕು, ಕಟ್ಟಿದವರ ಸಹಿ, ಅಳೆದವರ ಸಹಿ ಎರಡೂ ಬೇಕು. ಚೀಟಿಯ ವಿಷಯಕ್ಕೆ ಅಣ್ಣ ಜಗಳ ತೆಗೆಯುತ್ತಾನೆ ಅಂತ ಎಲ್ಲರೂ ಕಾದರು. ನಾನೂ ಕಾದೆ, ಉತ್ತರ ಸಿದ್ಧ ಮಾಡಿಕೊಂಡೇ.

ಹೋಗಿ ನೋಡಿದರೆ ಕೊಠಡಿಯಲ್ಲಿ ಏಜೆಂಟ್ ಸ್ಟೂಲಿನ ಮೇಲೆ ಕೂತಿದ್ದ. ಅಣ್ಣ ಕಂಪನಿಯ ರೈಫಲ್ಲಿನ ನಳಿಗೆಗೂ ಅದರ ಕೆಳಗಿನ ಮರದ ಹಿಡಿಗೂ ನಡುವೆ ಒಂದು ಕಾಗದ ತೂರಿಸಿ ಎಳೆಯುತ್ತಿದ್ದ. ಕಾಗದ ಒಂದು ಕಡೆ ಸಿಕ್ಕಿಕೊಂಡಿತು.

"ನೋಡಪ್ಪ, ಇಲ್ಲಿ ಮರ ತಾಗ್ತಾ ಇದೆ. ಬಿಸಿಯಾದ್ರೆ ನಳಿಗೆಯನ್ನ ಪಕ್ಕಕ್ಕೆ ದೂಡುತ್ತೆ. ಇಷ್ಟು ಮರ ಕೆರೆದ್ರೆ ಸಾಕು. ನಿಮ್ಮ ಕಂಪನಿಯವರಿಗೆ ಹೇಳು."

"ನಮಗೆ ಹೇಳಿಕೊಟ್ರೆ ಮುಂದಿನ ಸಲ ನಾವೇ ಗೆಲ್ತೀವಲ್ಲ, ಯಜಮಾನ್ರೇ."

"ಗೆಲ್ಲಿ. ಅಳೆಯೋಳು ಅಲ್ಲಿ ನಿಂತಿದ್ದಾಳಲ್ಲ, ಅವಳ ಹತ್ರ ಯಾರ ಆಟವೂ ನಡೆಯಲ್ಲ."

ಮೇಜಿನ ಮೇಲೆ ಮೊದಲನೆಯ ಚೀಟಿ ಇತ್ತು. ಅವನ ದಪ್ಪ ಅಕ್ಷರದಲ್ಲಿ, ಆರುನೂರು ಮೀಟರ್, ಇಪ್ಪತ್ತು ಗುಂಡು, ಇಪ್ಪತ್ತಮೂರು ಸೆಂಟಿಮೀಟರ್. ಪಕ್ಕದಲ್ಲಿ ಸಣ್ಣದಾಗಿ, ಮೊದಲ ಗುಂಡು ಎಡಕ್ಕೆ, ಗಮನಿಸಿ. ನನ್ನ ಸಹಿಗೆ ಜಾಗ ಬಿಟ್ಟಿದ್ದ, ಧಾರಾಳವಾಗಿ.

ಮಾರ್ಚ್ 29, ಶನಿವಾರ

ಬೆಳಗ್ಗೆ ಅಣ್ಣ ಕಂದಕದ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಬರಬಹುದಾ ಅಂತ ಕೇಳಿದ. ನಾನು ಪುಸ್ತಕ ಬರೆಯುತ್ತಿದ್ದೆ. ಬಾ, ಕಾಲು ಒರೆಸಿಕೋ, ಅಂಟಿನ ಡಬ್ಬಿ ದಾಟಿ ಬಾ ಅಂದೆ.

ಮೂವತ್ತು ವರ್ಷದಲ್ಲಿ ಈ ಕಡೆಗೆ ಬಂದವನಲ್ಲ. ತಾನು ಕಟ್ಟಿದ ರೈಫಲ್ಲುಗಳನ್ನು ಹಿಂದಿನಿಂದಲೇ ಕೇಳಿದ್ದಾನೆ, ಎದುರಿನಿಂದ ಒಮ್ಮೆಯೂ ಕೇಳಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಎರಡೂ ಕಿವಿ ಮುಚ್ಚಿಕೊಂಡ. ಕೈ ತೆಗಿ ಅಂದೆ. ತೆಗೆದ.

ಚಟ್.

ಆಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ಧಬ್.

"ಇದು ನನ್ನದಾ?" ಅಂದ.

"ನಿನ್ನದೇ."

"ಗುಂಡು ಬಂದುಬಿಡ್ತು, ಸದ್ದು ಇನ್ನೂ ದಾರಿಯಲ್ಲಿತ್ತು." ಕಣ್ಣು ಅರಳಿಸಿಕೊಂಡು ಆಕಾಶ ನೋಡುತ್ತಾ ಕೂತಿದ್ದ. ಇನ್ನೊಂದು ಬಂತು. ನಕ್ಕ. ಇನ್ನೊಂದು ಬಂದಾಗ ತೊಡೆ ತಟ್ಟಿಕೊಂಡ. ಹಗ್ಗದ ಮಾವ ನನ್ನನ್ನು ನೋಡಿ ಹುಬ್ಬು ಹಾರಿಸಿದರು.

ಹಾಳೆ ಇಳಿಯಿತು. ಅವನ ಕೈಗೆ ಅಂಟು, ತೇಪೆ ಎರಡೂ ಕೊಟ್ಟೆ. ಸುಮ್ಮನೆ ಕೂರೋರಿಗೆ ಇಲ್ಲಿ ಜಾಗ ಇಲ್ಲ ಅಂದೆ. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಮನುಷ್ಯ, ತೇಪೆಯನ್ನು ಸೊಟ್ಟಗೆ ಹಚ್ಚಿದ. ಒಂದು ಮೂಲೆ ಎದ್ದೇ ನಿಂತಿತು.

"ಕಿತ್ತು ಮತ್ತೆ ಹಚ್ಚು" ಅಂದೆ.

"ಯಾರು ನೋಡ್ತಾರೆ?"

"ನಾನು ನೋಡ್ತಿದ್ದೀನಲ್ಲ."

ಕಿತ್ತ. ಮತ್ತೆ ಹಚ್ಚಿದ. ನಾನು ಹತ್ತಿರ ಹೋಗಿ ಹೆಬ್ಬೆರಳಿನಿಂದ ಅಂಚು ಸವರಿ ನೋಡಿದೆ. ಪರವಾಗಿಲ್ಲ, ನಾಳೆಯೂ ಬಾ ಅಂದೆ. ಮಾವ ಹಗ್ಗ ಎಳೆದರು. ಮೂವರೂ ತಲೆ ತಗ್ಗಿಸಿ ಕೂತೆವು.